ಗಬ್ಬ ನಿಲ್ಲುವ ಮುನ್ನಿನ ದಿನಗಳು

ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾರರಿಗೆ ಈ ಲೆಕ್ಕ ಬಾಯಿಪಾಠ: ಟಗರಿಗೆ ಕೂಡಿದ ಕುರಿ ಸುಮಾರು 17 ದಿನಕ್ಕೆ ತಿರುಗಿ ಬೆದೆಗೆ ಬಂದರೆ ಗಬ್ಬ ನಿಂತಿಲ್ಲ. ನಡುವೆ ಭ್ರೂಣವೊಂದು ಮೂಡಿ ಅಳಿದಿದ್ದರೂ ಹೊರಗೆ ಸುಳಿವು ಸಿಗುವುದಿಲ್ಲ. ಆ ದಿನಗಳನ್ನು ಕಣ್ಣಾರೆ ಕಾಣಲು ವಿಜ್ಞಾನಿಗಳು ನೂರು ವರ್ಷಕ್ಕೂ ಮೇಲ್ಪಟ್ಟು ಹೆಣಗುತ್ತಾ ಬಂದಿದ್ದಾರೆ.

1890ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ಅಂಗೋರಾ ಮೊಲದ ಭ್ರೂಣಗಳನ್ನು ಬೇರೊಂದು ತಳಿಯ ಮೊಲದ ಒಡಲಿಗೆ ಸೇರಿಸಿದರು. ಅದರ ಸ್ವಂತ ಮರಿಗಳ ಜೊತೆಗೆ ಅಂಗೋರಾ ಮರಿಗಳೂ ಹುಟ್ಟಿದವು. 1958ರಲ್ಲಿ ಆನ್ ಮೆಕ್‌ಲಾರೆನ್ ಮತ್ತು ಜಾನ್ ಬಿಗ್ಗರ್ಸ್ ಇಲಿಯ ಭ್ರೂಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಬಾಡಿಗೆ ತಾಯಿಯಿಂದ ಮರಿ ಪಡೆದರು. ಸಾಕುವ ಖರ್ಚು ಕಡಿಮೆ, ಸುಮಾರು 20 ದಿನಕ್ಕೆ ಮರಿ. ಈ ಕ್ಷೇತ್ರ ಇಲಿಯ ಪಾಲಾಯಿತು.

ತೊಡಕು ಇರುವುದು ಇಲ್ಲಿಯೇ. ಇಲಿಯ ಭ್ರೂಣ ಐದನೇ ದಿನದ ಹೊತ್ತಿಗೆ ಗರ್ಭಕೋಶಕ್ಕೆ ಅಂಟಿ, ಬಟ್ಟಲಿನ ಆಕಾರ ತಾಳುತ್ತದೆ. ಮನುಷ್ಯರದು, ಕುರಿಯದು ಚಪ್ಪಟೆ ಬಿಲ್ಲೆ. ಕುರಿಯ ಭ್ರೂಣವಂತೂ ಅಂಟುವ ಮೊದಲೇ, 12ನೇ ದಿನದ ಆಸುಪಾಸಿನಲ್ಲಿ, ನೂಲಿನಂತೆ ಉದ್ದವಾಗತೊಡಗುತ್ತದೆ. ಮಿಲಿಮೀಟರ್ ಲೆಕ್ಕದಲ್ಲಿದ್ದದ್ದು ಕೆಲವೇ ದಿನಗಳಲ್ಲಿ 10 ಸೆಂಟಿಮೀಟರ್ ಮುಟ್ಟುತ್ತದೆ. ಆಗಲೇ ಅದು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸಿ ತಾಯಿಯ ಬೆದೆಚಕ್ರವನ್ನು ತಡೆಯುತ್ತದೆ. ಆ ಸಂಕೇತ ತಲುಪದಿದ್ದರೆ ಕುರಿ ಮತ್ತೆ ಬೆದೆಗೆ ಬರುತ್ತದೆ. ಇಲಿಯನ್ನು ಎಷ್ಟೇ ವರ್ಷ ಅಭ್ಯಾಸ ಮಾಡಿದರೂ ಈ ಸಂಗತಿ ತಿಳಿಯುವುದಿಲ್ಲ. ಒಂದೇ ಪ್ರಾಣಿಯನ್ನು ನೆಚ್ಚಿ ಕೂತದ್ದು ದುಬಾರಿಯಾಯಿತು ಎಂದೇ ನನ್ನ ಅಭಿಪ್ರಾಯ.

ಮನುಷ್ಯರ ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸಲು 14 ದಿನಗಳ ಗಡಿಯಿದೆ. ಭ್ರೂಣ ಸಂಶೋಧನೆಯ ನೀತಿ ಪರಿಶೀಲಿಸಿದ ವಾರ್ನಾಕ್ ಸಮಿತಿಯ 1984ರ ಶಿಫಾರಸನ್ನು ಬ್ರಿಟನ್ 1990ರಲ್ಲಿ ಕಾನೂನಾಗಿಸಿತು; ಭಾರತದ ಮಾರ್ಗಸೂಚಿಯೂ ಅದನ್ನೇ ಪಾಲಿಸುತ್ತದೆ. 2016ರಲ್ಲಿ ಎರಡು ತಂಡಗಳು ಆ ಗಡಿಯ ಹತ್ತಿರಕ್ಕೆ ಹೋಗಿ ನಿಲ್ಲಿಸಿದವು.

ಭ್ರೂಣವನ್ನೇ ಬಳಸದೆ, ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶಗಳಿಂದ ಅದರ ಮಾದರಿ ಕಟ್ಟುವ ದಾರಿ ಅಷ್ಟರಲ್ಲಿ ತೆರೆದುಕೊಂಡಿತ್ತು. 2018ರಲ್ಲಿ ನಿಕೋಲಾಸ್ ರಿವ್ರಾನ್ ತಂಡ ಇಲಿಯ ಬ್ಲಾಸ್ಟಾಯ್ಡ್, ಅಂದರೆ ಗರ್ಭಕೋಶಕ್ಕೆ ಅಂಟುವ ಮುನ್ನಿನ ಭ್ರೂಣವನ್ನು ಹೋಲುವ ಮಾದರಿ, ರೂಪಿಸಿತು. ಗರ್ಭಕೋಶಕ್ಕೆ ಸೇರಿಸಿದಾಗ ಅವು ಅಂಟಿಕೊಂಡವು, ಭ್ರೂಣವಾಗಿ ಬೆಳೆಯಲಿಲ್ಲ. 2021ರಲ್ಲಿ ಮನುಷ್ಯ ಕೋಶಗಳ ಬ್ಲಾಸ್ಟಾಯ್ಡ್ ಬಂತು. 2022ರಲ್ಲಿ ಹೃದಯ ಮಿಡಿಯುವ, ಇಲಿಯ ಭ್ರೂಣದ ಮಾದರಿ ಬಂತು. ಸುದ್ದಿಯಾದದ್ದು ಇವೇ. ಬಳ್ಳಾರಿ ತಳಿಯ ಕುರಿ ಮೇಯುವ ಈ ಸೀಮೆಯಿಂದ ನೋಡುವ ನನಗೆ ಮಾತ್ರ 2023ರಲ್ಲಿ ಪ್ರಕಟವಾದ ದನದ ಬ್ಲಾಸ್ಟಾಯ್ಡ್ ಹೆಚ್ಚು ಮುಖ್ಯ: ದನದ ಭ್ರೂಣವೂ ಕುರಿಯದರಂತೆ ಅಂಟುವ ಮೊದಲು ಉದ್ದವಾಗುತ್ತದೆ, ಇಂಟರ್‌ಫೆರಾನ್ ಟೌ ಮೂಲಕವೇ ತಾಯಿಗೆ ತನ್ನ ಇರವನ್ನು ತಿಳಿಸುತ್ತದೆ.