ಎನ್‌ಆರ್‌ಆರ್: ಕಿವಿಗವಸಿನ ಡಬ್ಬಿಯ ಮೇಲಿನ ಅಂಕಿ

ಹುಬ್ಬಳ್ಳಿಯಲ್ಲಿ ಕಾರ್ಖಾನೆ ಸಾಮಾನು ಮಾರುವ ಅಂಗಡಿಗೆ ಹೋಗಿ ಇಯರ್‌ಮಫ್, ಅಂದರೆ ಸದ್ದು ತಡೆಯುವ ಕಿವಿಗವಸು, ಕೇಳಿದರೆ ಎರಡು ಮೂರು ಡಬ್ಬಿ ಮುಂದಿಡುತ್ತಾರೆ. ಒಂದರ ಮೇಲೆ ಎನ್‌ಆರ್‌ಆರ್ 21, ಇನ್ನೊಂದರ ಮೇಲೆ 25, ಮತ್ತೊಂದರ ಮೇಲೆ ಎಸ್‌ಎನ್‌ಆರ್ 30 ಎಂದಿರುತ್ತದೆ. ದೊಡ್ಡ ಅಂಕಿಯದನ್ನೇ ಎತ್ತಿಕೊಂಡು ಬರುವವರೇ ಹೆಚ್ಚು.

ಎನ್‌ಆರ್‌ಆರ್ ಎಂದರೆ ನಾಯ್ಸ್ ರಿಡಕ್ಷನ್ ರೇಟಿಂಗ್, ಅಂದರೆ ಸದ್ದು ತಗ್ಗಿಸುವ ಪ್ರಮಾಣ. ಲೆಕ್ಕ ಡೆಸಿಬೆಲ್‌ನಲ್ಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 1979ರ ನಿಯಮದಿಂದ ಬಂದ ಮಾತು ಇದು. ಎಸ್‌ಎನ್‌ಆರ್, ಅಂದರೆ ಸಿಂಗಲ್ ನಂಬರ್ ರೇಟಿಂಗ್, ಅಂಥದೇ ಯುರೋಪಿನ ಅಳತೆ. ಪರೀಕ್ಷೆಯ ರೀತಿ ಬೇರೆಯಾದ್ದರಿಂದ ಒಂದೇ ಗವಸಿಗೆ ಎಸ್‌ಎನ್‌ಆರ್ ಸಾಮಾನ್ಯವಾಗಿ ತುಸು ಹೆಚ್ಚೇ ಬರುತ್ತದೆ. ಹಾಗಾಗಿ ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬೆಟಗೇರಿಯ ಒಂದು ವಿದ್ಯುತ್ ಮಗ್ಗದ ಶೆಡ್ಡನ್ನು ಊಹಿಸಿಕೊಳ್ಳಿ. ಲಾಳಿ ಹೊಡೆಯುವ ಮಗ್ಗಗಳು ಸಾಲಾಗಿ ಓಡುವಲ್ಲಿ ಸದ್ದು 98 ಡೆಸಿಬೆಲ್ ಇದೆ ಎನ್ನೋಣ. ನಮ್ಮ ಕಾರ್ಖಾನೆ ನಿಯಮಗಳ ಪ್ರಕಾರ ಎಂಟು ಗಂಟೆಯ ಕೆಲಸಕ್ಕೆ ಮಿತಿ 90. ಎನ್‌ಆರ್‌ಆರ್ 25ರ ಗವಸು ಹಾಕಿಕೊಂಡರೆ ಕಿವಿಗೆ 73 ಮಾತ್ರ ಬೀಳುತ್ತದೆ ಎಂದು ಕಳೆಯುವುದು ತಪ್ಪು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳಿಕೊಡುವ ಲೆಕ್ಕ ಬೇರೆ: 25ರಲ್ಲಿ ಮೊದಲು 7 ಕಳೆಯಬೇಕು, ಉಳಿದ 18ರಲ್ಲಿ ಅರ್ಧ ಮಾಡಬೇಕು. ಸಿಕ್ಕಿದ್ದು 9. ಕಿವಿಗೆ ಬೀಳುವುದು 89. ಮಿತಿಯ ಅಂಚಿನಲ್ಲಿ ಒಂದೇ ಒಂದು ಡೆಸಿಬೆಲ್ ಕೆಳಗೆ!

ಆ 7 ಎಂಬುದು ಸದ್ದು ಅಳೆಯುವ ಎರಡು ಮಾಪಕಗಳ ನಡುವಿನ ಹೊಂದಾಣಿಕೆ. ಅರ್ಧ ಮಾಡುವುದೇಕೆ ಎಂಬುದು ನನಗೆ ಅರ್ಥವಾದದ್ದು ನಮ್ಮ ಓಣಿಯ ನೇಕಾರ ಕಾಕಾ ಅವರ ಗವಸನ್ನು ಕೈಯಲ್ಲಿ ಹಿಡಿದ ದಿನ. ಮೆತ್ತೆಯ ಮೇಲ್ಪದರ ಬೆವರು ಕುಡಿದು ಗಟ್ಟಿಯಾಗಿ, ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಅವರ ಕನ್ನಡಕದ ದಪ್ಪ ಕಡ್ಡಿ ಮೆತ್ತೆಯ ಕೆಳಗೆ ಹೋಗುವಲ್ಲಿ ಅಕ್ಕಿಕಾಳು ತೂರುವಷ್ಟು ಸಂದು. ನೀರಿಗೆ ಸಾಲುವ ಸಂದು ಸದ್ದಿಗೂ ಸಾಕು. ಪ್ರಯೋಗಾಲಯದಲ್ಲಿ ಹೊಸ ಗವಸನ್ನು ಒಪ್ಪವಾಗಿ ಕೂರಿಸಿ ಅಳೆದ ಅಂಕಿ ಇಂಥ ತಲೆಯ ಮೇಲೆ ಹೇಗೆ ನಿಂತೀತು?

ಇದಕ್ಕಿಂತ ದೊಡ್ಡ ನಷ್ಟ ಗವಸು ತೆಗೆದಿಡುವುದರಲ್ಲಿದೆ. ಡೆಸಿಬೆಲ್ ಮೂರು ಏರಿದರೆ ಸದ್ದಿನ ಶಕ್ತಿ ದುಪ್ಪಟ್ಟು, ಹತ್ತು ಏರಿದರೆ ಹತ್ತುಪಟ್ಟು. ನಿಜವಾಗಿಯೂ 30 ಡೆಸಿಬೆಲ್ ತಡೆಯುವ ಗವಸನ್ನು ಎಂಟು ಗಂಟೆಯಲ್ಲಿ ಅರ್ಧ ಗಂಟೆ ಕಳಚಿದರೆ ಇಡೀ ಪಾಳಿಯ ಒಟ್ಟು ರಕ್ಷಣೆ ಸುಮಾರು 12ಕ್ಕೆ ಕುಸಿಯುತ್ತದೆ. ಅರ್ಧ ಪಾಳಿ ಕಳಚಿದರೆ ಬರೀ 3. ಫೋನಿಗೆ, ಮಾಲೀಕರ ಮಾತಿಗೆ, ಬೆವರು ಒರೆಸುವುದಕ್ಕೆ ಎಂದು ಮಗ್ಗದ ಪಕ್ಕದಲ್ಲೇ ತೆಗೆಯುವ ಐದೈದು ನಿಮಿಷಗಳೆಲ್ಲ ಸೇರಿ ಆ ಅರ್ಧ ಗಂಟೆಯಾಗುತ್ತದೆ. ತೆಗೆಯಲೇಬೇಕಾದರೆ ಶೆಡ್ಡಿನ ಹೊರಗೆ ಬಂದು ತೆಗೆಯಿರಿ.

"ಇದನ್ನು ಹಾಕಿಕೊಂಡರೆ ಮಗ್ಗದ ಮಾತು ಕೇಳುವುದಿಲ್ಲ ತಮ್ಮಾ" ಎಂದು ಕಾಕಾ ಹೇಳುತ್ತಿದ್ದರು. ಅದು ಸೋಮಾರಿತನದ ಮಾತಲ್ಲ. ಲಾಳಿಯ ಏಟು ಹದ ತಪ್ಪಿದ್ದನ್ನು ನೇಕಾರರು ಕಣ್ಣಿಗಿಂತ ಮೊದಲು ಕಿವಿಯಿಂದ ತಿಳಿಯುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಸದ್ದು ತಡೆಯುವ ಗವಸನ್ನು ಜನ ಕಳಚಿಯೇ ಇಡುತ್ತಾರೆ. ಕಿವಿಗೆ 75ರಿಂದ 80ರ ಆಸುಪಾಸು ಬೀಳುವಂತಿದ್ದರೆ ಹಿತ, 70ಕ್ಕಿಂತ ಕೆಳಗಿಳಿದರೆ ಎಚ್ಚರಿಕೆಯ ಕೂಗೂ ಕೇಳಿಸದೆ ಹೋಗಬಹುದು. ಆದರೆ ಸದ್ದಿನಿಂದ ಹೋದ ಶ್ರವಣ ಮರಳಿ ಬರುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯೇ ಅದನ್ನು ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಇಟ್ಟಿತ್ತು.

ಕೊಳ್ಳುವಾಗ ಅಂಗಡಿಯಲ್ಲೇ, ನಿಮ್ಮ ಕನ್ನಡಕ ಹಾಕಿಕೊಂಡೇ ತೊಟ್ಟು ನೋಡಿ. ಬಿಡಿ ಮೆತ್ತೆ ಸಿಗುತ್ತದೆಯೇ ಎಂದು ಕೇಳಿ. ಸಿಗದಿದ್ದರೆ ನಾನಂತೂ ಅದನ್ನು ಕೊಳ್ಳುವುದಿಲ್ಲ. ಕೆಲಸದ ಜಾಗದಲ್ಲಿ ತೊಟ್ಟ ಗವಸಿನ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಒತ್ತಿ. ಒತ್ತಿದಾಗ ಸದ್ದು ಇನ್ನಷ್ಟು ತಗ್ಗಿದರೆ ಎಲ್ಲೋ ಸಂದಿದೆ ಎಂದರ್ಥ. ಕಾಕಾ ಹಾಗೆ ಒತ್ತಿ ನೋಡಿದ ಮರುದಿನವೇ ಮೆತ್ತೆ ಬದಲಿಸಿದರು, ಕನ್ನಡಕಕ್ಕೆ ತೆಳು ಕಡ್ಡಿ ಹಾಕಿಸಿದರು. ಲಾಳಿಯ ಏಟು ಈಗಲೂ ಕೇಳುತ್ತದೆ, ಸಂಜೆ ಮನೆಗೆ ಬಂದ ಮೇಲೆ ಕಿವಿ ಗುಂಯ್‌ಗುಡುವುದು ಮಾತ್ರ ನಿಂತಿದೆ ಎನ್ನುತ್ತಾರೆ.