ಪುಕ್ಕಟೆ ಸಿಡಿ ಹಂಚಿದ ಹುಡುಗರು

ಇಂಗ್ಲೆಂಡಿನ ರಾಕ್ ಬ್ಯಾಂಡ್ ಆರ್ಕ್ಟಿಕ್ ಮಂಕೀಸ್ ಹೆಸರು ಬಂದಾಗಲೆಲ್ಲ ಒಂದು ಕತೆ ಜೊತೆಗೇ ಬರುತ್ತದೆ. ಮೈಸ್ಪೇಸ್ ಎಂಬ ಸೋಷಿಯಲ್ ಮೀಡಿಯಾ ಸೈಟಿನಲ್ಲಿ ಹಾಡು ಹಾಕಿದರು, ರಾತ್ರೋರಾತ್ರಿ ಸ್ಟಾರ್ ಆದರು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಆ ಪುಟ ಮಾಡಿದ್ದು ಅಭಿಮಾನಿಗಳು. ಮೈಸ್ಪೇಸ್ ಅಂದರೆ ಏನು ಅಂತಲೇ ತಮಗೆ ಗೊತ್ತಿರಲಿಲ್ಲ ಎಂದು ಹುಡುಗರೇ ಆಮೇಲೆ ಹೇಳಿಕೊಂಡಿದ್ದಾರೆ.

ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡ್. ಅದರ ಅಂಚಿನಲ್ಲಿ ಹೈ ಗ್ರೀನ್ ಎಂಬ ಬಡಾವಣೆ. 2001ರ ಕ್ರಿಸ್‌ಮಸ್‌ಗೆ ಅಲ್ಲಿನ ಅಲೆಕ್ಸ್ ಟರ್ನರ್, ಜೇಮೀ ಕುಕ್ ಕೈಗೆ ಗಿಟಾರ್ ಬಂತು. ಆಂಡಿ ನಿಕೋಲ್ಸನ್ ಬಾಸ್ ಗಿಟಾರ್ ಹಿಡಿದರು. ಪಕ್ಕದ ಮನೆಯ ಮ್ಯಾಟ್ ಹೆಲ್ಡರ್ಸ್ ಪಾಲಿಗೆ ಡ್ರಮ್ಸ್. ಯಾಕೆಂದರೆ ಉಳಿದಿದ್ದೇ ಅದೊಂದು! 2003ರ ಜೂನ್ 13ರಂದು ದಿ ಗ್ರೇಪ್ಸ್ ಎಂಬ ಪಬ್‌ನಲ್ಲಿ ಮೊದಲ ಶೋ.

ಮುಂದಿನ ಎರಡು ವರ್ಷವೇ ಈ ಕತೆಯ ಜೀವಾಳ. ಟರ್ನರ್ ಬೋರ್ಡ್‌ವಾಕ್ ಎಂಬ ಸಂಗೀತ ಕ್ಲಬ್ಬಿನ ಬಾರ್ ಕೌಂಟರ್‌ನಲ್ಲಿ ದುಡಿಯುತ್ತಿದ್ದರು, ಕುಕ್ ಟೈಲ್ಸ್ ಹಾಕುತ್ತಿದ್ದರು. ಸಿಕ್ಕಲ್ಲೆಲ್ಲ ಶೋ. ಮಾದರಿಗೆಂದು ರೆಕಾರ್ಡ್ ಮಾಡಿದ ಡೆಮೊ ಸಿಡಿಗಳನ್ನು ಬಂದವರಿಗೆ ಸುಮ್ನೆ ಕೊಟ್ಟುಬಿಡುತ್ತಿದ್ದರು. ಇದ್ದ ಸಿಡಿಗಳೇ ಕಮ್ಮಿ. ಸಿಕ್ಕವರು ಹಾಡುಗಳನ್ನು ಕಂಪ್ಯೂಟರ್‌ಗೆ ಇಳಿಸಿ, ಸಿಗದವರಿಗೆ ಇಂಟರ್ನೆಟ್‌ನಲ್ಲಿ ದಾಟಿಸಿದರು. ಆ ಹಾಡುಗಳ ಕಟ್ಟಿಗೆ 'ಬಿನೀತ್ ದ ಬೋರ್ಡ್‌ವಾಕ್' ಅಂತ ಹೆಸರಿಟ್ಟಿದ್ದೂ ಕೇಳುಗರೇ. ಕೊನೆಗೆ ಏನಾಯಿತೆಂದರೆ, ಬಿಡುಗಡೆಯೇ ಆಗದ ಹಾಡುಗಳನ್ನು ಶೋಗೆ ಬಂದ ಜನ ಬಾಯಿಪಾಠ ಹಾಡತೊಡಗಿದರು.

ಕಾಲ ನೆನಪಿಡಿ. ಹೀಗೆ ಹಾಡು ಹಂಚಿಕೊಳ್ಳುವವರ ಮೇಲೆ 2004ರಲ್ಲಿ ಬ್ರಿಟನ್‌ನ ರೆಕಾರ್ಡ್ ಉದ್ಯಮ ಕೇಸು ಹಾಕಲು ಹೊರಟಿತ್ತು. ಪುಕ್ಕಟೆ ಸಿಕ್ಕರೆ ಯಾರು ಕೊಳ್ಳುತ್ತಾರೆ ಎಂಬುದು ಅವರ ಭಯ.

ಹಂಚುವುದೇನೋ ಸರಿ, ಜನ ಯಾಕೆ ಕೇಳಬೇಕು? ನನಗನಿಸುವ ಹಾಗೆ ಟರ್ನರ್ ಹಾಡುವ ಶೆಫೀಲ್ಡ್ ಆಡುಮಾತೇ ಕಾರಣ. ಲಂಡನ್ನಿನ, ಅಮೆರಿಕದ ಉಚ್ಚಾರಣೆಯ ಹಂಗಿಲ್ಲ. ಹುಬ್ಬಳ್ಳಿ ಹುಡುಗ ಪುಸ್ತಕದ ಕನ್ನಡ ಬಿಟ್ಟು 'ಏನ್ ಮಾಡಾಕತ್ತಿ' ಅಂತ ಹಾಡಿದ ಹಾಗೆ. ಒಂದು ಹಾಡಿನ ಹೆಸರಲ್ಲೇ 'ಮಾರ್ಡಿ' ಎಂಬ ಪದವಿದೆ. ಮುಖ ಊದಿಸಿಕೊಂಡು ಕೂತವರಿಗೆ ಆ ಕಡೆಯವರು ಅನ್ನುವ ಮಾತದು. ಹಾಡಿನ ವಸ್ತುವೂ ಅಷ್ಟೇ: ಕ್ಲಬ್ ಬಾಗಿಲಲ್ಲಿ ತಡೆಯುವ ಬೌನ್ಸರ್, ಮಧ್ಯರಾತ್ರಿಯ ಟ್ಯಾಕ್ಸಿಯಲ್ಲಿ ಜಗಳ.

2005ರ ಮೇನಲ್ಲಿ ಸ್ವಂತ ಲೇಬಲ್‌ನಿಂದ ಮೊದಲ ರೆಕಾರ್ಡ್ ಬಂತು. ಜೂನ್‌ನಲ್ಲಿ ಡೊಮಿನೊ ಎಂಬ ಸ್ವತಂತ್ರ ರೆಕಾರ್ಡ್ ಕಂಪನಿಗೆ ಸಹಿ. ಅಕ್ಟೋಬರ್‌ನಲ್ಲಿ ಸಿಂಗಲ್ (ಬಿಡಿಯಾಗಿ ಬಂದ ಹಾಡು) ಬ್ರಿಟನ್ನಿನ ಪಟ್ಟಿಯಲ್ಲಿ ನೇರ ನಂಬರ್ ಒನ್. 2006ರ ಜನವರಿ 23ರಂದು ಮೊದಲ ಆಲ್ಬಮ್ ಬಂದಾಗ ಅದರ ಹಲವು ಹಾಡುಗಳನ್ನು ಜನ ಆಗಲೇ ಪುಕ್ಕಟೆ ಕೇಳಿಯಾಗಿತ್ತು. ಆದರೂ ಮೊದಲ ವಾರವೇ 3,63,735 ಪ್ರತಿ ಹೋದವು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾವ ಬ್ಯಾಂಡಿನ ಮೊದಲ ಆಲ್ಬಮ್ಮೂ ಅಷ್ಟು ವೇಗವಾಗಿ ಮಾರಾಟವಾಗಿರಲಿಲ್ಲ. ಟರ್ನರ್‌ಗೆ ಆಗಷ್ಟೇ 20 ತುಂಬಿತ್ತು.

ಮೈಸ್ಪೇಸ್ ಕತೆ ಅಷ್ಟು ಜೋರಾಗಿ ಹಬ್ಬಿದ್ದೇಕೆ? 2005ರಲ್ಲೇ ನ್ಯೂಸ್ ಕಾರ್ಪ್ ಎಂಬ ದೊಡ್ಡ ಮಾಧ್ಯಮ ಸಂಸ್ಥೆ ಮೈಸ್ಪೇಸ್ ಕಂಪನಿಯನ್ನು 58 ಕೋಟಿ ಡಾಲರ್‌ಗೆ ಕೊಂಡಿತ್ತು. ಎಲ್ಲರ ಬಾಯಲ್ಲೂ ಅದೇ ಹೆಸರು. ಪಬ್‌ನಲ್ಲಿ ಸಿಡಿ ಹಂಚಿದ್ದು ಎಲ್ಲಿ ಹೆಡ್‌ಲೈನ್ ಆಗುತ್ತೆ, ಅಲ್ವಾ?

ಈ ಓಟ ಎಲ್ಲರಿಗೂ ಹಿಡಿಸಲಿಲ್ಲ. 2006ರಲ್ಲಿ ದಣಿದ ನಿಕೋಲ್ಸನ್ ಅಮೆರಿಕ ಪ್ರವಾಸಕ್ಕೆ ಹೋಗಲಿಲ್ಲ. ಅವರ ಜಾಗಕ್ಕೆ ನಿಕ್ ಓಮ್ಯಾಲಿ ಬಂದರು, ತಾತ್ಕಾಲಿಕ ಅಂತ. ಜೂನ್‌ನಲ್ಲಿ ನಿಕೋಲ್ಸನ್ ಬ್ಯಾಂಡನ್ನೇ ಬಿಟ್ಟರು. ಓಮ್ಯಾಲಿ ಅಲ್ಲೇ ಉಳಿದರು.