ಕೌಂಟಿಯ ನಡುಮಧ್ಯದ ಮನೆ ಯಾವುದು?

ಅಮೆರಿಕದ ಉತ್ತರ ಡಕೋಟಾದಲ್ಲಿರುವ ಮೆಕೆಂಜಿ ಕೌಂಟಿಯಲ್ಲಿ (ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ) 2010ರ ಜನಗಣತಿಯ ಪ್ರಕಾರ 6,360 ಜನರಿದ್ದರು, 2020ರಲ್ಲಿ 14,704. ಗೋಧಿ ಬೆಳೆದು ದನ ಮೇಯಿಸಿಕೊಂಡಿದ್ದ ಸೀಮೆಗೆ ಬಾಕನ್ ಶಿಲಾಪದರದ ತೈಲ ಹತ್ತೇ ವರ್ಷದಲ್ಲಿ ಅಷ್ಟು ಜನರನ್ನು ಎಳೆದು ತಂದಿತು. ಇಂಥ ಕಡೆ ಕುಟುಂಬದ ಆದಾಯ ವರ್ಷದಿಂದ ವರ್ಷಕ್ಕೆ ಎಷ್ಟು ಏರಿತು ಎಂದು ಕೇಳುವವರಿಗೆ ಒಂದು ಗೆರೆಯ ಗ್ರಾಫ್ ಬೇಕು. ಅಂಕಿಸಂಖ್ಯೆಯನ್ನೇ ನಂಬಿ ಬದುಕುವ ನನ್ನಂಥವರಿಗೆ ಆ ಗೆರೆ ಎಳೆಯುವ ಮುನ್ನ ಗೊತ್ತಾಗಬೇಕಾದದ್ದು ಎರಡು: ಲೆಕ್ಕಕ್ಕೆ ಬಂದ ಮನೆಗಳು ಯಾರವು? ಆ ಲೆಕ್ಕ ಯಾವ ಕಾಲದ್ದು?

ಮನೆಗಳನ್ನೆಲ್ಲ ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯವೇ ಮಧ್ಯಾಂಕ. ನಾಲ್ಕು ಮಂದಿಗೆ ತೈಲದ ರಾಯಲ್ಟಿ (ತೆಗೆದ ತೈಲಕ್ಕೆ ಹಕ್ಕುದಾರರಿಗೆ ಸಲ್ಲುವ ಪಾಲು) ಸುರಿದರೆ ಸರಾಸರಿ ಜಿಗಿಯುತ್ತದೆ, ಮಧ್ಯಾಂಕ ಕದಲುವುದಿಲ್ಲ. (ನಮ್ಮ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಕಾಣುವ ಜಿಲ್ಲಾವಾರು ತಲಾ ಆದಾಯ ಉತ್ಪನ್ನದ ಮೌಲ್ಯವನ್ನು ತಲೆಗೆ ಹಂಚಿದ ಸರಾಸರಿ. ಅದನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಬೇಡಿ.)

2000ದವರೆಗೆ ಅಮೆರಿಕದ ಜನಗಣತಿಯ ಉದ್ದ ನಮೂನೆ ಸುಮಾರು ಆರು ಮನೆಗೊಂದರಂತೆ ಹಿಂದಿನ ವರ್ಷದ ಆದಾಯವನ್ನು ಕೇಳುತ್ತಿತ್ತು. ಆ ಬಳಿಕ ಅದರ ಜಾಗಕ್ಕೆ ಅಮೆರಿಕನ್ ಕಮ್ಯುನಿಟಿ ಸರ್ವೆ ಬಂತು. ಇದು ತಿಂಗಳು ತಿಂಗಳೂ ನಡೆಯುತ್ತದೆ, ಆದರೆ ಒಂದು ವರ್ಷಕ್ಕೆ ಸಿಗುವ ಸ್ಯಾಂಪಲ್ ಚಿಕ್ಕದು. 20,000 ಜನರಿಗಿಂತ ಕಡಿಮೆ ಇರುವ ಕೌಂಟಿಗೆ ಐದು ವರ್ಷದ ಉತ್ತರಗಳನ್ನು ಒಟ್ಟುಗೂಡಿಸಿದ ಅಂದಾಜೇ ಗತಿ.

ತೊಡಕು ಇರುವುದು ಇಲ್ಲೇ. 2014ರ ಜೂನ್‌ನಲ್ಲಿ ನೂರು ಡಾಲರ್ ದಾಟಿದ್ದ ಕಚ್ಚಾ ತೈಲದ ಬ್ಯಾರೆಲ್ 2016ರ ಆರಂಭದಲ್ಲಿ ಮೂವತ್ತಕ್ಕೂ ಕೆಳಗಿಳಿಯಿತು. 2012–2016ರ ಅಂದಾಜಿನಲ್ಲಿ ಆ ಸುಗ್ಗಿಯೂ ಆ ಕುಸಿತವೂ ಕಲಸಿಹೋಗಿವೆ. ಅದನ್ನು '2016ರ ಆದಾಯ' ಎಂದು ಬರೆಯುವುದು ಸುಳ್ಳು. ಮುಂದಿನ ವರ್ಷ ಬರುವ 2013–2017ರ ಅಂದಾಜಿನೊಡನೆ ಹೋಲಿಸುವುದು ಇನ್ನೂ ವ್ಯರ್ಥ, ಏಕೆಂದರೆ ನಾಲ್ಕು ವರ್ಷದ ಉತ್ತರಗಳು ಎರಡರಲ್ಲೂ ಅವೇ.

ಒಂದರ ಮೇಲೊಂದು ಬೀಳದ ಅವಧಿಗಳನ್ನೇ ಆರಿಸಿ: 2010–2014 ಮತ್ತು 2015–2019. ಕಲ್ಪಿತ ಅಂಕಿಗಳಲ್ಲಿ ತೋರಿಸುತ್ತೇನೆ. ಮೊದಲನೆಯದು 58,000 ಡಾಲರ್, ದೋಷದ ಅಂಚು (ಸ್ಯಾಂಪಲ್ ಆದ್ದರಿಂದ ಅಂದಾಜು ಮೇಲಕ್ಕೋ ಕೆಳಕ್ಕೋ ತಪ್ಪಿರಬಹುದಾದಷ್ಟು ಮೊತ್ತ) 6,000. ಎರಡನೆಯದು 64,000, ಅಂಚು 7,000. ಆರು ಸಾವಿರದ ಏರಿಕೆ ಎಂದು ಶೀರ್ಷಿಕೆ ಕೊಡಲು ಕೈ ತುರಿಸುತ್ತದೆ. ಆದರೆ ಮೊದಲನೆಯದು 2014ರ ಡಾಲರ್‌ಗಳಲ್ಲಿದೆ, ಎರಡನೆಯದು 2019ರ ಡಾಲರ್‌ಗಳಲ್ಲಿದೆ. ನಡುವಿನ ಹಣದುಬ್ಬರ ಸುಮಾರು ಶೇ 8. ಸರಿಹೊಂದಿಸಿದರೆ 58,000 ಎಂಬುದು 62,640 ಆಗುತ್ತದೆ, ಅದರ ಅಂಚು 6,480. ಉಳಿದ ವ್ಯತ್ಯಾಸ 1,360. ಎರಡೂ ಅಂಚುಗಳನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಸುಮಾರು 9,500 ಬರುತ್ತದೆ. ವ್ಯತ್ಯಾಸ ಅದನ್ನು ಮೀರಿದರೆ ಮಾತ್ರ, ಸರ್ವೆ ನಡೆಸುವ ಸೆನ್ಸಸ್ ಬ್ಯೂರೋ ಬಳಸುವ ಶೇ 90ರ ವಿಶ್ವಾಸದ ಮಟ್ಟದಲ್ಲಿ, ಬದಲಾವಣೆ ಇದೆ ಎನ್ನಬಹುದು. ಇಲ್ಲಿ ಏರಿತೆಂದೂ ಹೇಳಲಾಗದು, ಇಳಿಯಿತೆಂದೂ ಹೇಳಲಾಗದು.

ಇನ್ನು ಮನೆಗಳ ವಿಚಾರ. ತೈಲ ಕಂಪನಿಗಳ ಕಾರ್ಮಿಕ ಶಿಬಿರದಲ್ಲಿ ಮಲಗೆದ್ದು ದುಡಿಯುವವನ ಸಂಬಳ ಎಷ್ಟೇ ಇರಲಿ, ಶಿಬಿರ 'ಮನೆ' ಎನಿಸಿಕೊಳ್ಳದ ಕಾರಣ ಅದು ಈ ಮಧ್ಯಾಂಕಕ್ಕೆ ಸೇರುವುದಿಲ್ಲ. ಅವನೇ ಬಾಡಿಗೆ ಮನೆ ಹಿಡಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರೆ ಸೇರುತ್ತದೆ. ಬಾಡಿಗೆ ಏರಿದ್ದನ್ನು ತಾಳಲಾಗದೆ ಪಿಂಚಣಿಯ ಮುದುಕಿ ಊರು ಬಿಟ್ಟರೆ ಸಾಲಿನ ಕೆಳತುದಿಯಿಂದ ಒಂದು ಮನೆ ಕಳಚುತ್ತದೆ. ಇಂಥವು ಹತ್ತಾರು ಕಳಚಿದರೆ ಸಾಕು, ಯಾರ ಜೇಬಿಗೂ ಒಂದು ಡಾಲರ್ ಹೆಚ್ಚು ಬೀಳದೆ ಮಧ್ಯಾಂಕ ಮೇಲಕ್ಕೆ ಸರಿಯುತ್ತದೆ. 'ಇಲ್ಲಿಯ ಜನ ಸಿರಿವಂತರಾದರು' ಎಂಬ ವಾಕ್ಯ ಕಂಡಾಗಲೆಲ್ಲ ನನಗೆ ಗುಮಾನಿ ಬರುವುದು ಇದರಿಂದಲೇ. ಜಮೀನು ಮಾರಿದ ಹಣವೂ ಈ ಲೆಕ್ಕದಲ್ಲಿ ಆದಾಯವಲ್ಲ, ರಾಯಲ್ಟಿ ಆದಾಯ.

ವರ್ಷವಾರು ಅಂಕಿ ಬೇಕೇಬೇಕು ಎನ್ನುವವರಿಗೆ ಸೆನ್ಸಸ್ ಬ್ಯೂರೋದ ಎಸ್‌ಎಐಪಿಇ (ಚಿಕ್ಕ ಪ್ರದೇಶಗಳ ಆದಾಯ ಮತ್ತು ಬಡತನ) ಅಂದಾಜುಗಳಿವೆ. ಸರ್ವೆಯ ಒಂದು ವರ್ಷದ ಉತ್ತರಗಳ ಜೊತೆಗೆ ತೆರಿಗೆ ದಾಖಲೆಯಂಥ ಮಾಹಿತಿಯನ್ನೂ ಸೇರಿಸಿ ಗಣಿತದ ಮಾದರಿಯ (ಮಾಡೆಲ್) ಮೂಲಕ ಕಟ್ಟಿದ ಅಂಕಿ ಅದು. ಸ್ಯಾಂಪಲ್ ದುರ್ಬಲವಾದಷ್ಟೂ ಅಂಕಿ ಮಾದರಿಯ ಕಡೆಗೆ ವಾಲುತ್ತದೆ. ಹೀಗಾಗಿ ದಿಢೀರನೆ ಬದಲಾಗುವ ತೈಲದೂರಿನ ಉಬ್ಬುತಗ್ಗುಗಳು ಅದರಲ್ಲಿ ಕೊಂಚ ಸವೆದು ಕಾಣಬಹುದು. ಆದರೂ ಹಳ್ಳಿಗಾಡಿನ ಕೌಂಟಿಯ ಏರಿಳಿತ ತೋರಿಸಲು ನಾನು ಆರಿಸುವುದು ಇದನ್ನೇ, ಅದೂ 2005ರಿಂದೀಚೆಗೆ ಮಾತ್ರ. ಅದಕ್ಕೂ ಹಿಂದಿನವು ಬೇರೆ ಸರ್ವೆಯ ಮೇಲೆ ನಿಂತಿದ್ದವು. ಗೆರೆಯನ್ನು ಅಲ್ಲಿ ಕಡಿದು ಬಿಡುತ್ತೇನೆ. ಐದು ವರ್ಷದ ಅಂದಾಜುಗಳನ್ನು ಅದೇ ಗೆರೆಗೆ ಹೊಲಿಯದೆ, ಅವಧಿಯ ಉದ್ದಕ್ಕೂ ಅಡ್ಡಪಟ್ಟಿಯಾಗಿ, ದೋಷದ ಅಂಚಿನ ಸಮೇತ ಕೆಳಗೆ ಬೇರೆಯಾಗಿ ಬರೆಯುತ್ತೇನೆ. ಚಿತ್ರ ಅಂದವಾಗಿ ಕಾಣುವುದಿಲ್ಲ ಎಂದು ಸಂಪಾದಕರು ಗೊಣಗುವುದುಂಟು.